ಬೇಸಿಗೆ ಏರುವ ಮುಂಚೆ ಸ್ಪ್ಲಿಟ್ ಎಸಿ: ಅಳತೆಯಿಂದ ವ್ಯಾಕ್ಯೂಮ್‌ವರೆಗೆ

ಶಿವರಾತ್ರಿ ಕಳೆದು ಚಳಿ ಓಡಿದ ಮೇಲೆ ಯುಗಾದಿಗೆ ಇನ್ನೊಂದು ತಿಂಗಳಿರುತ್ತದೆ. ಮನೆಗೆ ಸ್ಪ್ಲಿಟ್ ಎಸಿ ಹಾಕಿಸುವುದಿದ್ದರೆ ಆ ತಿಂಗಳಲ್ಲೇ ಹಾಕಿಸಿ. ಕಾರಣ ಬೆಲೆಯಲ್ಲ, ಮೆಕ್ಯಾನಿಕ್‌ನ ಪುರುಸೊತ್ತು. ಡಬ್ಬದಲ್ಲಿ ಬರುವುದು ಅರ್ಧ ಯಂತ್ರ ಮಾತ್ರ. ಕೋಣೆಯೊಳಗಿನ ಇಂಡೋರ್, ಹೊರಗಿನ ಔಟ್‌ಡೋರ್ ಎರಡನ್ನೂ ತಾಮ್ರದ ಪೈಪಿನಿಂದ ಜೋಡಿಸಿ, ಒಳಗಿನ ಗಾಳಿ ತೆಗೆದು (ವ್ಯಾಕ್ಯೂಮ್ ಎನ್ನುವುದು ಇದಕ್ಕೇ), ನೀರು ಹೋಗುವ ದಾರಿ ಮಾಡುವ ಉಳಿದರ್ಧ ನಿಮ್ಮ ಗೋಡೆಯ ಮೇಲೆ ಆಗುತ್ತದೆ. ಏಪ್ರಿಲ್‌ನಲ್ಲಿ ಒಂದೇ ದಿನ ಹಲವು ಮನೆ ಮುಗಿಸಬೇಕಾದ ಹುಡುಗರು ಮೊದಲು ಬಿಡುವುದೇ ಆ ಅರ್ಧದ ಮುಖ್ಯ ಹಂತಗಳನ್ನು.

ಡಕ್ಟ್ (ತಂಪುಗಾಳಿ ಹಾಯುವ ದೊಡ್ಡ ಕೊಳವೆ) ಇಲ್ಲದ ಈ ವ್ಯವಸ್ಥೆ ನಮ್ಮ ಮನೆಗಳಿಗೆ ಚೆನ್ನಾಗಿ ಹೊಂದುತ್ತದೆ. ಆರ್‌ಸಿಸಿ ಚಾವಣಿಯ ಮನೆಯಲ್ಲಿ ತಗಡಿನ ಡಕ್ಟ್ ಓಡಿಸಲು ಜಾಗವಿಲ್ಲ. ಸ್ಪ್ಲಿಟ್‌ಗೆ ಬೇಕಾದದ್ದು ಗೋಡೆಯಲ್ಲಿ 65 ಮಿ.ಮೀ. ಸುಮಾರಿನ ಒಂದು ತೂತು. ಮಲಗುವ ಕೋಣೆ ಒಂದನ್ನೇ ತಂಪಾಗಿಸಿ, ಉಳಿದ ಮನೆಯನ್ನು ಫ್ಯಾನಿಗೆ ಬಿಡಬಹುದು. ಅಮೆರಿಕದ ಮನೆಗಳಲ್ಲಿ ಅಟ್ಟದೊಳಗೆ ಹಾಯುವ ಡಕ್ಟ್‌ಗಳಿಂದಲೇ ಶೇ. 30ಕ್ಕಿಂತ ಹೆಚ್ಚು ಶಕ್ತಿ ಸೋರಿಹೋಗಬಹುದು ಎಂದು ಅಲ್ಲಿನ ಇಂಧನ ಇಲಾಖೆ ಹೇಳುತ್ತದೆ. ಅಲ್ಲಿರುವ ಕನ್ನಡಿಗರು ‘ಮಿನಿ ಸ್ಪ್ಲಿಟ್’ ಎನ್ನುವುದು ನಮ್ಮ ಈ ಸ್ಪ್ಲಿಟ್ ಎಸಿಯನ್ನೇ.

ಚಳಿಗಾಲದಲ್ಲಿ ಕೋಣೆಯನ್ನು ಬಿಸಿಯೂ ಮಾಡುವ ಹಾಟ್ ಅಂಡ್ ಕೋಲ್ಡ್ ಮಾದರಿಯಲ್ಲಿ, ಪೈಪಿನೊಳಗೆ ಸುತ್ತುತ್ತಾ ಶಾಖ ಸಾಗಿಸುವ ಗ್ಯಾಸಿನ ದಿಕ್ಕು ಬದಲಿಸುವ ವಾಲ್ವ್ ಒಂದು ಹೆಚ್ಚಿಗೆ ಇರುತ್ತದೆ. ಹೊರಗಿನ ಗಾಳಿಯ ಶಾಖವನ್ನೇ ಎಳೆದು ಒಳಗೆ ತರುವುದರಿಂದ 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್‌ನಷ್ಟು ಶಾಖ ಸಿಗುತ್ತದೆ. ರಾಡ್ ಹೀಟರ್‌ನಲ್ಲಿ 1ಕ್ಕೆ 1 ಮಾತ್ರ. ಮಡಿಕೇರಿ, ಚಿಕ್ಕಮಗಳೂರಿನ ಗುಡ್ಡದ ಮನೆಗಳಿಗೆ, ದೆಹಲಿಯಲ್ಲಿರುವವರಿಗೆ ಇದು ಬೇಕು. ರಾಯಚೂರಿನವರು ಆ ಹಣವನ್ನು ಹೆಚ್ಚಿನ ಸ್ಟಾರ್‌ಗೆ ಹಾಕುವುದು ಲೇಸು.

ಎಷ್ಟು ಟನ್?

1 ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಕೋಣೆಯಿಂದ ಹೊರಹಾಕುವ ಶಕ್ತಿ. 10×12 ಅಡಿಯ ಕೋಣೆಗೆ 1 ಟನ್, 12×15 ಅಡಿಗೆ 1.5 ಟನ್ ಲೆಕ್ಕದಿಂದ ಶುರು ಮಾಡಿ. ಮೇಲೆ ಬರೀ ತಾರಸಿ ಇದ್ದರೆ, ಪಡುವಣ ಗೋಡೆಗೆ ಮಧ್ಯಾಹ್ನದ ಬಿಸಿಲು ಬಿದ್ದರೆ ಒಂದು ಮೆಟ್ಟಿಲು ಮೇಲೇರಬೇಕು. ಅದಕ್ಕಿಂತ ಮೊದಲು ತಾರಸಿಗೆ ಬಿಳಿ ಕೂಲ್ ರೂಫ್ ಬಣ್ಣ ಬಳಿಸಿ, ಕಿಟಕಿಗೆ ಹೊರಗಿನಿಂದ ನೆರಳು ಮಾಡಿ ನೋಡಿ.

ಯಂತ್ರದ ಮೇಲೆ ಬರೆದಿರುವ ಶಕ್ತಿ ಹೊರಗೆ 35 ಡಿಗ್ರಿ ಇದ್ದಾಗ ಅಳೆದದ್ದು. ಕಲಬುರಗಿಯಲ್ಲಿ 42 ಡಿಗ್ರಿ ಮುಟ್ಟಿದ ದಿನ ಅದೇ ಯಂತ್ರ ಕಡಿಮೆ ತಂಪು ಕೊಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ‘52 ಡಿಗ್ರಿಯಲ್ಲೂ ಓಡುತ್ತದೆ’ ಎಂಬ ಸಾಲಿನ ಅರ್ಥ ನಿಲ್ಲದೆ ಓಡುತ್ತದೆ ಎಂದಷ್ಟೆ, ಪೂರ್ತಿ ತಂಪು ಕೊಡುತ್ತದೆ ಎಂದಲ್ಲ. ಹಾಗೆಂದು ಬೇಕಾದ್ದಕ್ಕಿಂತ ದೊಡ್ಡದನ್ನು ತಂದರೂ ಕಷ್ಟ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಗಾಳಿಯ ತೇವ ತೆಗೆಯುವುದೇ ಎಸಿಯ ಅರ್ಧ ಕೆಲಸ. ದೊಡ್ಡ ಯಂತ್ರ ಬೇಗ ತಂಪು ಮಾಡಿ ನಿಂತುಬಿಟ್ಟರೆ ತೇವ ಉಳಿದು ಮೈ ಅಂಟಂಟು ಹೋಗುವುದಿಲ್ಲ.

ಸ್ಟಾರ್ ಚೀಟಿಯಲ್ಲಿ ನಕ್ಷತ್ರಗಳ ಜೊತೆಗೆ ಐಎಸ್‌ಇಇಆರ್ (ತಿನ್ನುವ ಕರೆಂಟಿಗೆ ಎಷ್ಟು ತಂಪು ಕೊಡುತ್ತದೆ ಎಂಬ) ಅಂಕಿಯನ್ನೂ, ಚೀಟಿಯ ಅವಧಿಯನ್ನೂ ಓದಿ. ಸ್ಟಾರ್ ನಿಗದಿ ಮಾಡುವ ಕೇಂದ್ರದ ಸಂಸ್ಥೆ ಬಿಇಇ ಆಗಾಗ ಅಳತೆಗೋಲನ್ನು ಬಿಗಿಗೊಳಿಸುತ್ತದೆ. ಹಳೆಯ ಚೀಟಿಯ 5 ಸ್ಟಾರ್ ಹೊಸದರಲ್ಲಿ 4 ಆಗಿರಬಹುದು, ಅಂಕಿ ಮಾತ್ರ ಹಾಗೆ ಬದಲಾಗುವುದಿಲ್ಲ.

ಕರೆಂಟ್ ಕೆಲಸ ಮೊದಲು

1.5 ಟನ್ ಎಸಿ ಪೂರ್ತಿ ಓಡುವಾಗ 1.5ರಿಂದ 1.8 ಕಿಲೋವ್ಯಾಟ್ ಎಳೆಯುತ್ತದೆ, ಸುಮಾರು 7–8 ಆಂಪಿಯರ್. ಮುಖ್ಯ ಬೋರ್ಡಿನಿಂದ ಇದೊಂದಕ್ಕೇ ಪ್ರತ್ಯೇಕ ಲೈನ್ ಬೇಕು: 4 ಚದರ ಮಿ.ಮೀ. ತಾಮ್ರದ ವೈರ್, 2.5ರ ಅರ್ಥ್ ವೈರ್, 20 ಆಂಪಿಯರ್ ಸಿ-ಕರ್ವ್ ಎಂಸಿಬಿ (ಲೋಡ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್; ಸಿ-ಕರ್ವ್ ಮೋಟಾರ್ ಶುರುವಾಗುವ ಕ್ಷಣದ ಹೆಚ್ಚು ಕರೆಂಟ್ ತಡೆದುಕೊಳ್ಳುವ ಬಗೆ). ಗೀಸರ್ ಲೈನಿಗೆ ಜೋಡಿಸಿದರೆ ಪ್ಲಗ್ ಕರಗಬಹುದು. ಎಲೆಕ್ಟ್ರಿಷಿಯನ್ ಬಂದಾಗಲೇ ನ್ಯೂಟ್ರಲ್–ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ. ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಪಡಿಸದೆ ಮುಂದುವರಿಯಬೇಡಿ, ಇನ್ವರ್ಟರ್ ಎಸಿಯ (ಕಂಪ್ರೆಸರ್ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ಎಸಿ) ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡ್, ಇಂಥ ಕಡೆ ಬೇಗ ಸುಡುತ್ತದೆ.

ಗೃಹಜ್ಯೋತಿ ಇರುವ ಮನೆಯವರು ಒಂದು ಲೆಕ್ಕ ಹಾಕಿಕೊಳ್ಳಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬೇಕು. ಇನ್ವರ್ಟರ್ ಎಸಿ ರಾತ್ರಿ 26 ಡಿಗ್ರಿಯಲ್ಲಿ ಗಂಟೆಗೆ ಸರಾಸರಿ 0.6 ಯೂನಿಟ್ ತಿಂದರೆ, 7 ಗಂಟೆಯಂತೆ 30 ರಾತ್ರಿಗೆ 126 ಯೂನಿಟ್. ಮನೆಯ ಈಗಿನ ಬಳಕೆ 80 ಇದ್ದರೆ ಅಲ್ಲಿಗೆ ಗೆರೆ ದಾಟಿತು. ಮಂಜೂರಾದ ಲೋಡ್ 1 ಅಥವಾ 2 ಕಿಲೋವ್ಯಾಟ್ ಮಾತ್ರವಿದ್ದರೆ ಬೆಸ್ಕಾಂ, ಜೆಸ್ಕಾಂ, ಮೆಸ್ಕಾಂ ಯಾವುದೇ ಇರಲಿ, ಲೋಡ್ ಹೆಚ್ಚಿಸಲು ಮೊದಲೇ ಅರ್ಜಿ ಹಾಕಿ.

ಜಾಗ

ಇಂಡೋರ್ ನೆಲದಿಂದ ಏಳೂವರೆ–ಎಂಟು ಅಡಿ ಮೇಲಿರಲಿ. ಚಾವಣಿಗೂ ಅದಕ್ಕೂ ನಡುವೆ 15 ಸೆಂ.ಮೀ., ಎರಡು ಬದಿ 10–12 ಸೆಂ.ಮೀ. ಬಿಡಿ. ಮೇಲಿನಿಂದಲೇ ಅದು ಗಾಳಿ ಎಳೆದುಕೊಳ್ಳುವುದು. ಅಂದಕ್ಕೆಂದು ಪಿಒಪಿ ಗೂಡಿನೊಳಗೆ ತುರುಕಿದರೆ ತಾನು ಬಿಟ್ಟ ತಂಪನ್ನೇ ತಾನು ಎಳೆದು, ಕೋಣೆ ತಂಪಾಯಿತೆಂದು ತಿಳಿದು ನಿಧಾನವಾಗುತ್ತದೆ.

ಔಟ್‌ಡೋರ್‌ಗೆ ಹಿಂದೆ ಕನಿಷ್ಠ 15–20 ಸೆಂ.ಮೀ., ಮುಂದೆ ಒಂದು ಮೀಟರ್ ತೆರೆದ ಜಾಗ ಬೇಕು. ಗಾಜು ಮುಚ್ಚಿದ ಯುಟಿಲಿಟಿ ಬಾಲ್ಕನಿಯಲ್ಲಿ ಇಟ್ಟರೆ ಬಿಸಿಗಾಳಿ ಅಲ್ಲೇ ಸುತ್ತಿ ಯಂತ್ರ ಟ್ರಿಪ್ ಆಗುತ್ತದೆ. ಸ್ಟ್ಯಾಂಡಿನ ಕಾಲಿಗೆ ರಬ್ಬರ್ ಪ್ಯಾಡ್ ಇಲ್ಲದಿದ್ದರೆ ಗೋಡೆಯೇ ಗುಂಯ್‌ಗುಡುತ್ತದೆ. ಸರ್ವಿಸ್‌ಗೆ ಒಬ್ಬ ಮನುಷ್ಯ ಕೈಯಿಟ್ಟು ಬಿಚ್ಚಲು ಆಗುವ ಕಡೆಯೇ ಇರಲಿ. ನಾಲ್ಕನೇ ಮಹಡಿಯ ಹೊರಗೋಡೆಗೆ ತೂಗುಹಾಕಿದರೆ ಪ್ರತಿ ವರ್ಷ ಒಬ್ಬನ ಜೀವ ಪಣಕ್ಕಿಟ್ಟಂತೆ. ಕರಾವಳಿಯವರು ಕಾಯಿಲ್‌ಗೆ (ಗ್ಯಾಸ್ ಹಾಯುವ ಪೈಪಿನ ಸುರುಳಿ) ಉಪ್ಪುಗಾಳಿ ತಡೆಯುವ ಲೇಪನ ಇರುವುದನ್ನೇ ಕೊಳ್ಳಿ, ತಿಂಗಳಿಗೊಮ್ಮೆ ಮೇನ್ ಆಫ್ ಮಾಡಿ ಔಟ್‌ಡೋರ್ ಕಾಯಿಲ್‌ಗೆ ಸಿಹಿನೀರು ಹಾಯಿಸಿ.

ತೂತು ಒಳಗಿನಿಂದ ಹೊರಕ್ಕೆ ಅರ್ಧ–ಒಂದು ಸೆಂ.ಮೀ. ಇಳಿಜಾರಾಗಿರಬೇಕು. ಡ್ರೈನ್ ಪೈಪ್ ಪ್ರತಿ ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಯುತ್ತಾ ಹೋಗಬೇಕು, ನಡುವೆ ಎಲ್ಲೂ ಮೇಲೇಳಬಾರದು, ತುದಿ ನೀರಿನಲ್ಲಿ ಮುಳುಗಿರಬಾರದು. ‘ಎಸಿಯಿಂದ ಹಾಸಿಗೆ ಮೇಲೆ ನೀರು’ ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಮೆಕ್ಯಾನಿಕ್ ಹೋಗುವ ಮುಂಚೆ ಇಂಡೋರ್‌ನ ತಟ್ಟೆಗೆ ಒಂದು ಲೀಟರ್ ನೀರು ಸುರಿಸಿ, ಹೊರಗೆ ಅಷ್ಟೂ ಬಂತೇ ನೋಡಿ.

ಪೈಪ್ ಮತ್ತು ವ್ಯಾಕ್ಯೂಮ್

1 ಟನ್‌ಗೆ ಸಾಮಾನ್ಯವಾಗಿ ಕಾಲು ಇಂಚು ಮತ್ತು 3/8 ಇಂಚಿನ ಪೈಪ್, 1.5 ಟನ್‌ಗೆ ಕಾಲು ಮತ್ತು ಅರ್ಧ ಇಂಚಿನದು. ಗೋಡೆ ದಪ್ಪ 0.8 ಮಿ.ಮೀ. ಇರಲಿ, ಅಗ್ಗದ ತೆಳು ಪೈಪ್ ಫ್ಲೇರ್ ಮಾಡುವಾಗಲೇ (ನಟ್ ಕೂರಲು ಬಾಯಿ ಅಗಲಿಸುವಾಗ) ಬಿರಿಯುತ್ತದೆ. ಜೊತೆಗೆ ಬರುವ 3 ಮೀಟರ್ ಸಾಲದಿದ್ದರೆ ತುಂಡು ಜೋಡಿಸುವುದಕ್ಕಿಂತ ಒಂದೇ ಉದ್ದದ ಹೊಸ ಪೈಪ್ ಹಾಕಿಸಿ. ಎರಡೂ ಪೈಪಿಗೆ ಬೇರೆಬೇರೆ ಇನ್ಸುಲೇಷನ್ ಸುತ್ತಬೇಕು. ಕತ್ತರಿಸಿದ ಬಾಯಿಯ ತರಿ ತೆಗೆಯುವಾಗ ಪೈಪನ್ನು ಕೆಳಮುಖವಾಗಿ ಹಿಡಿಯದಿದ್ದರೆ ತಾಮ್ರದ ಚೂರು ಒಳಗೆ ಬೀಳುತ್ತದೆ. ಕಾಲು ಇಂಚಿನ ನಟ್‌ಗೆ 14–18, ಅರ್ಧ ಇಂಚಿಗೆ 50–60 ನ್ಯೂಟನ್ ಮೀಟರ್ ಬಿಗಿ ಸಾಕು. ಅತಿಯಾಗಿ ಬಿಗಿದ ನಟ್ ಅಂದು ಸೋರುವುದಿಲ್ಲ, ಫ್ಲೇರ್ ಸೀಳಿ ಕೆಲವು ತಿಂಗಳ ಮೇಲೆ ಸೋರುತ್ತದೆ.

ಈಗ ಬಹಳ ಮುಖ್ಯವಾದ ಹಂತ. ಔಟ್‌ಡೋರ್‌ನಲ್ಲಿ ಗ್ಯಾಸ್ ಕಾರ್ಖಾನೆಯಲ್ಲೇ ತುಂಬಿ ಬಂದಿರುತ್ತದೆ, ಆದರೆ ಪೈಪ್ ಮತ್ತು ಇಂಡೋರ್ ಒಳಗೆ ನಮ್ಮ ಊರಿನ ತೇವದ ಗಾಳಿ ಇರುತ್ತದೆ. ಅವಸರದವರು ವಾಲ್ವ್ ಸ್ವಲ್ಪ ತೆರೆದು ಗ್ಯಾಸಿನಿಂದಲೇ ಆ ಗಾಳಿಯನ್ನು ‘ಊದಿ’ ಹೊರಹಾಕುತ್ತಾರೆ. ಗಾಳಿ ಪೂರ್ತಿ ಹೋಗುವುದಿಲ್ಲ, ತೇವವಂತೂ ಹೋಗುವುದೇ ಇಲ್ಲ. ಉಳಿದ ಗಾಳಿ ಕಂಡೆನ್ಸರ್‌ನಲ್ಲಿ (ಔಟ್‌ಡೋರ್‌ನ ಕಾಯಿಲ್) ದ್ರವವಾಗದೆ ಒತ್ತಡ ಏರಿಸಿ ಬಿಲ್ ಹೆಚ್ಚಿಸುತ್ತದೆ. ತೇವ ಕಂಪ್ರೆಸರ್ ಆಯಿಲ್ ಜೊತೆ ಸೇರಿ ಆಮ್ಲವಾಗಿ ಮೋಟಾರಿನ ವೈಂಡಿಂಗ್ (ತಂತಿಯ ಸುತ್ತು) ತಿನ್ನುತ್ತದೆ. ಎರಡು ಮೂರು ವರ್ಷದ ಮೇಲೆ ಕಂಪ್ರೆಸರ್ ಹೋದಾಗ ಯಾರಿಗೂ ಮೊದಲ ದಿನದ ಈ ಅರ್ಧ ಗಂಟೆಯ ಉಳಿತಾಯ ನೆನಪಾಗುವುದಿಲ್ಲ. ಅಲ್ಲದೆ ಈಗಿನ ಆರ್32 ಗ್ಯಾಸ್ ಸ್ವಲ್ಪ ಮಟ್ಟಿಗೆ ಉರಿಯುವಂಥದ್ದು, ಆರ್290 ಎಂದರೆ ಪ್ರೊಪೇನ್ ಆದ್ದರಿಂದ ಚೆನ್ನಾಗಿಯೇ ಉರಿಯುತ್ತದೆ. ಹೀಗೆ ಊದುವ ವಸ್ತುಗಳಲ್ಲ ಇವು.

ಸರಿಯಾದ ಕ್ರಮ ಹೀಗೆ:

1. ಔಟ್‌ಡೋರ್‌ನ ಸರ್ವಿಸ್ ಪೋರ್ಟಿಗೆ ಒತ್ತಡ ತೋರಿಸುವ ಗೇಜ್, ಅದಕ್ಕೆ ವ್ಯಾಕ್ಯೂಮ್ ಪಂಪ್ ಜೋಡಿಸಿ, ಔಟ್‌ಡೋರ್‌ನ ಎರಡೂ ವಾಲ್ವ್ ಮುಚ್ಚಿರುವಾಗಲೇ 20–30 ನಿಮಿಷ ಓಡಿಸಬೇಕು. ಮೈಕ್ರಾನ್ ಗೇಜ್ (ಒಳಗೆ ಉಳಿದ ಅಲ್ಪ ಗಾಳಿಯನ್ನೂ ಅಳೆಯುವ ಗೇಜ್) ಇದ್ದರೆ ಅದು 500 ಮೈಕ್ರಾನ್‌ಗಿಂತ ಕೆಳಗೆ ಇಳಿಯಬೇಕು.
2. ಗೇಜಿನ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, 10 ನಿಮಿಷ ಕಾಯಬೇಕು. ಮುಳ್ಳು ಮೇಲಕ್ಕೆ ಸರಿದರೆ ಎಲ್ಲೋ ಸೋರಿಕೆ ಇದೆ ಅಥವಾ ತೇವ ಉಳಿದಿದೆ. ಫ್ಲೇರ್ ಮತ್ತೆ ಮಾಡಿ ಮೊದಲಿನಿಂದ ಶುರು.
3. ಮುಳ್ಳು ಅಲ್ಲಾಡದೆ ನಿಂತರೆ, ಅಲೆನ್ ಕೀಯಿಂದ ಸಣ್ಣ ಪೈಪಿನ ವಾಲ್ವ್, ಆಮೇಲೆ ದೊಡ್ಡದನ್ನು ಪೂರ್ತಿ ತೆರೆಯಬೇಕು.
4. ಎಲ್ಲ ಕೀಲುಗಳಿಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ, ಒರೆಸಿ, ವಾಲ್ವ್ ಮುಚ್ಚಳಗಳನ್ನು ಬಿಗಿಯಬೇಕು.

ಬುಕ್ ಮಾಡುವಾಗಲೇ ‘ವ್ಯಾಕ್ಯೂಮ್ ಪಂಪ್ ತರುತ್ತೀರಾ?’ ಎಂದು ಕೇಳಿ. ಪಂಪ್ ಇಲ್ಲದೆ ಬಂದವರನ್ನು ಮತ್ತೊಂದು ದಿನ ಕರೆಯಿರಿ. ಮಾರ್ಚ್‌ನಲ್ಲಿ ಹಾಗೆ ಹೇಳಬಹುದು, ಮೇ ತಿಂಗಳಲ್ಲಿ ಸೆಕೆ ಹೇಳಗೊಡುವುದಿಲ್ಲ.

ಓಡಿಸಿ ನೋಡುವುದು

15–20 ನಿಮಿಷ ಓಡಿದ ಮೇಲೆ ಇಂಡೋರ್ ಎಳೆಯುವ ಗಾಳಿಗೂ ಬಿಡುವ ಗಾಳಿಗೂ 8ರಿಂದ 12 ಡಿಗ್ರಿ ವ್ಯತ್ಯಾಸ ಇರಬೇಕು. ಮಾಮೂಲಿ ಅಡುಗೆಮನೆ ಥರ್ಮಾಮೀಟರ್ ಸಾಕು. ಆರ್32 ಯಂತ್ರ ಪೂರ್ತಿ ವೇಗದಲ್ಲಿದ್ದಾಗ ಗೇಜ್ ಸುಮಾರು 120–145 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ. ಇನ್ವರ್ಟರ್ ನಿಧಾನವಾದಾಗ ಈ ಅಂಕಿ ಏರುತ್ತದೆ. ಅದನ್ನೊಂದೇ ನೋಡಿ ಗ್ಯಾಸ್ ಹೆಚ್ಚು, ಕಡಿಮೆ ಎಂದು ತೀರ್ಮಾನಿಸುವವರನ್ನು ನಂಬಬೇಡಿ. 2020ರ ಜನವರಿಯಿಂದ ಎಸಿಗಳು ಡೀಫಾಲ್ಟ್ ಆಗಿ 24 ಡಿಗ್ರಿಗೆ ಶುರುವಾಗುತ್ತವೆ. ಒಂದೊಂದು ಡಿಗ್ರಿ ಏರಿಸಿದಷ್ಟೂ ಸುಮಾರು ಶೇ. 6 ಉಳಿತಾಯ ಎಂಬುದು ಬಿಇಇ ಲೆಕ್ಕ. 26ಕ್ಕಿಟ್ಟು ಫ್ಯಾನ್ ಎರಡರಲ್ಲಿ ಹಾಕಿದರೆ ನಿದ್ದೆಗೆ ಸಾಕು.

ಎಸಿ ಈಗಾಗಲೇ ಇದ್ದರೆ

ಮಳೆಗಾಲದಿಂದ ಮುಚ್ಚಿಟ್ಟದ್ದನ್ನು ನೇರ ಆನ್ ಮಾಡಬೇಡಿ. ಎಂಸಿಬಿ ಇಳಿಸಿ ಔಟ್‌ಡೋರ್ ನೋಡಿ: ಪಾರಿವಾಳದ ಕಡ್ಡಿ, ಇರುವೆ ಗೂಡು, ಪಿಸಿಬಿ ಮೇಲೆ ಹಲ್ಲಿ, ಮೂರೂ ಸಾಮಾನ್ಯ. ಫಿಲ್ಟರನ್ನು ನಲ್ಲಿಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬೇಸಿಗೆಯಿಡೀ ಹದಿನೈದು ದಿನಕ್ಕೊಮ್ಮೆ ಇದು ನಿಮ್ಮದೇ ಕೆಲಸ. ಕಾಯಿಲ್ ಜೆಟ್ ವಾಶ್‌ಗೆ ಮಾತ್ರ ಮೆಕ್ಯಾನಿಕ್ ಬೇಕು. ಬಂದವರು ‘ಗ್ಯಾಸ್ ಕಮ್ಮಿಯಾಗಿದೆ’ ಎಂದರೆ ಸೋರಿಕೆ ಎಲ್ಲಿ ಎಂದು ಕೇಳಿ. ಗ್ಯಾಸ್ ಪೆಟ್ರೋಲ್‌ನಂತೆ ಖರ್ಚಾಗುವುದಿಲ್ಲ. ಸೋರುವ ಜಾಗ ಮುಚ್ಚದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಬಿಲ್.

ಬಾಡಿಗೆ ಮನೆ ಬದಲಿಸುವವರು ಗ್ಯಾಸನ್ನು ಔಟ್‌ಡೋರ್‌ಗೆ ಎಳೆಸಿಕೊಂಡೇ ಬಿಚ್ಚಿಸಿ. ಎಸಿ ಕೂಲ್‌ನಲ್ಲಿ ಓಡುವಾಗ ಸಣ್ಣ ಪೈಪಿನ ವಾಲ್ವ್ ಮುಚ್ಚಿ, ಗೇಜ್ ಸೊನ್ನೆಯ ಹತ್ತಿರ ಬಂದೊಡನೆ ದೊಡ್ಡದನ್ನೂ ಮುಚ್ಚಿ, ತಕ್ಷಣ ಆಫ್ ಮಾಡಬೇಕು. ಪೈಪ್ ಬಿಚ್ಚಿದ ಮೇಲೆ ಕಂಪ್ರೆಸರ್ ಓಡಿಸಿದರೆ ಒಳಗೆ ಗಾಳಿ ಹೊಕ್ಕು ಅದು ಸಿಡಿಯಬಹುದು. ಬಿಚ್ಚಿದ ಪೈಪಿನ ಬಾಯಿಗಳಿಗೆ ಆಗಲೇ ಟೇಪ್ ಸುತ್ತಿ, ಔಟ್‌ಡೋರ್ ಅನ್ನು ಗಾಡಿಯಲ್ಲಿ ನೆಟ್ಟಗೆ ನಿಲ್ಲಿಸಿಯೇ ಸಾಗಿಸಿ.