ಗೋಡೆ ಕೆಡಿಸಿದವರ ಕೈಲೇ ಗೋಡೆಗೆ ಬಣ್ಣ ಹೊಡೆಸಿದ್ದು: ನನ್ನ ಅನುಭವ

"ಗೋಡೆಗೆ ಪೋಸ್ಟರ್ ಅಂಟಿಸುವುದನ್ನು ತಡೆಯುವ ಕಾಯ್ದೆ ಪುಸ್ತಕದಲ್ಲಿದೆ ಅಷ್ಟೇ, ಅದರಿಂದ ಯಾರಿಗೂ ಏನೂ ಆಗಲ್ಲ" ಅಂತ ನಮ್ಮ ಬಡಾವಣೆ ಸಂಘದಲ್ಲಿ ಹೇಳದವರೇ ಇರಲಿಲ್ಲ. ಈಗ ನಮ್ಮ ಪಾರ್ಕಿನ ಕಾಂಪೌಂಡು, ಸುಮಾರು ಮುನ್ನೂರು ಅಡಿ ಉದ್ದದ್ದು, ಎರಡು ಮಳೆಗಾಲ ಕಳೆದರೂ ಒಂದು ಗೀಟಿಲ್ಲದೆ ನಿಂತಿದೆ. ನಿಮ್ಮ ಬಡಾವಣೆಯಲ್ಲೂ ಇದೇ ಗೋಳು ಇದ್ದರೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಗೋಡೆ ಪೂರ್ತಿ ಒಂದು ಸಲ ಬಳಿಸಲು ಬಣ್ಣ, ಕೂಲಿ ಎಲ್ಲ ಸೇರಿ ಹತ್ತಿರ ಹತ್ತಿರ ಮೂವತ್ತು ಸಾವಿರ. ಬಳಿಸಿದ ವಾರದೊಳಗೆ ಪಿಜಿ, ಟ್ಯೂಷನ್, ಮೂಲವ್ಯಾಧಿ ಚಿಕಿತ್ಸೆ, ಬೋರ್‌ವೆಲ್, ಎಲ್ಲರೂ ಹಾಜರ್. ಮೈದಾ ಅಂಟಿನ ಪೋಸ್ಟರ್ ನೋಡಿದ್ದೀರಲ್ವಾ? ಕಿತ್ತರೆ ಸುಮ್ನೆ ಬರಲ್ಲ, ಬಣ್ಣದ ಪದರವನ್ನೂ ಎಳೆದುಕೊಂಡು ಬರುತ್ತೆ. ಉಳಿದ ಅಂಟಿಗೆ ಮಳೆ ಬಿದ್ದರೆ ಅಲ್ಲೇ ಕಪ್ಪು ಬೂಸ್ಟು. ಆಮೇಲೆ ಶಾಲೆ ಮಕ್ಕಳಿಂದ ಚಿತ್ರ ಬರೆಸಿದೆವು. ನವಿಲು, ಹುಲಿ, ಎಲ್ಲ ಚೆನ್ನಾಗೇ ಇತ್ತು. ಒಂದಷ್ಟು ತಿಂಗಳು ಮರ್ಯಾದೆ ಸಿಕ್ಕಿತು, ಆಮೇಲೆ ಹುಲಿಯ ಮುಖದ ಮೇಲೇ ಯಾರದೋ ಹುಟ್ಟುಹಬ್ಬದ ಶುಭಾಶಯ ಬಂತು. ದೇವರ ಟೈಲ್ಸ್ ಹಾಕೋಣ ಅಂತಲೂ ಕೆಲವರು ಅಂದರು. ನಾನು ಒಪ್ಪಲಿಲ್ಲ. ದೇವರನ್ನು ಗೋಡೆ ಕಾವಲಿಗೆ ನಿಲ್ಲಿಸುವುದು ನನಗೆ ಸರಿ ಕಾಣಲ್ಲ.

ಕೊನೆಗೆ ನಾನು ಹಿಡಿದದ್ದು 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿ ಅಂದಾಗ ಎಲ್ಲರೂ ನಕ್ಕರು. ನಾನು ನೋಡಿದ್ದು ದಂಡವನ್ನಲ್ಲ, ಆ ಆರು ತಿಂಗಳನ್ನು. ಅಂಗಡಿ ನಡೆಸುವವನಿಗೆ ಸಾವಿರ ಯಾವ ಲೆಕ್ಕ? ಆದರೆ ಠಾಣೆ, ಕೋರ್ಟು ಅಂತ ಅಲೆಯುವುದು ಯಾವನಿಗೂ ಬೇಡ.

ಮೊದಲ ದೂರು ವಾಪಸ್ ಬಂತು. ಅದು ಪಾರ್ಕಿನ ಪಕ್ಕದ ಮನೆಯ ಗೋಡೆ ಬಗ್ಗೆ ಕೊಟ್ಟದ್ದು. "ಖಾಸಗಿ ಗೋಡೆ, ಮಾಲೀಕರು ನೋಡಿಕೊಳ್ಳಲಿ" ಅಂದರು. ಈ ಮಾತು ನಿಮಗೂ ಹೇಳೇ ಹೇಳುತ್ತಾರೆ, ಅದಕ್ಕೆ ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಸಾರ್ವಜನಿಕ ಜಾಗದಲ್ಲಿ ಓಡಾಡುವವರ ಕಣ್ಣಿಗೆ ಬೀಳುವ ಖಾಸಗಿ ಕಟ್ಟಡ, ಗೋಡೆ, ಬೇಲಿ, ಕಂಬ, ಮರ ಎಲ್ಲವೂ ಆ ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತವೆ. ಆ ಪುಟಕ್ಕೆ ಹಳದಿ ಗೆರೆ ಎಳೆದು, ಪ್ರತಿ ದೂರಿಗೂ ಪಿನ್ ಮಾಡಿ ಕೊಡತೊಡಗಿದೆ. ಆಮೇಲೆ ಆ ಮಾತು ನಿಂತುಹೋಯಿತು.

"ಅಂಟಿಸಿದ್ದು ಹುಡುಗರು ಸಾರ್, ನಮಗೆ ಗೊತ್ತೇ ಇಲ್ಲ" ಅನ್ನುವುದು ಪೋಸ್ಟರ್ ಹಾಕಿಸಿದವರ ಗುರಾಣಿ. ಬೇರೆಯವರ ಕೈಲಿ ಮಾಡಿಸಿದರೂ ತಪ್ಪು ತಪ್ಪೇ. ಗೋಡೆ ಮೇಲೆ ಅವರ ಫೋನ್ ನಂಬರ್ ಇದೆಯಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಕಂಡ ದಿನವೇ ಎರಡು ಫೋಟೋ ತೆಗೆಯಿರಿ. ಒಂದು ಹತ್ತಿರದಿಂದ, ನಂಬರ್ ಕಾಣುವಂತೆ. ಇನ್ನೊಂದು ದೂರದಿಂದ, ಯಾವ ರಸ್ತೆ ಅಂತ ಗೊತ್ತಾಗುವಂತೆ. ಪೊಲೀಸ್ ಠಾಣೆಗೆ ಒಂದು ಪ್ರತಿ, ಪಾಲಿಕೆ ವಾರ್ಡ್ ಕಚೇರಿಗೆ ಒಂದು, ಎರಡರಲ್ಲೂ ಸ್ವೀಕೃತಿ ಸೀಲು. ಆಮೇಲೆ ಆ ನಂಬರಿಗೆ ನಾನೇ ಫೋನ್ ಮಾಡುತ್ತೇನೆ. ಏನು ಮಾತಾಡುತ್ತೇನೆ, ಎಷ್ಟು ಹೊತ್ತಿಗೆ ಮಾಡುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ, ಅದು ಅವರಿಗೂ ಗೊತ್ತಾದರೆ ಕೆಲಸ ಕೆಟ್ಟಿತು. ಹತ್ತರಲ್ಲಿ ಏಳೆಂಟು ಜನ ಮೂರು ದಿನದೊಳಗೆ ತಮ್ಮದೇ ಆಳು, ತಮ್ಮದೇ ಬಣ್ಣ ತಂದು ಬಳಿದು ಹೋದರು. ಅದೇ ಶೇಡ್ ಇರಬೇಕು ಅಂತ ನಾನು ಬಣ್ಣದ ಕೋಡ್ ಕೂಡ ಕಳಿಸಿಕೊಡುತ್ತೇನೆ.

ಸ್ಪ್ರೇ ಡಬ್ಬಿಯಲ್ಲಿ ಗೀಚುವವರದು ಬೇರೆ ಕಥೆ. ಅಲ್ಲಿ ಫೋನ್ ನಂಬರ್ ಇರಲ್ಲ. ಇವರಿಗೆ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಹಿಡಿದೆ, ಅಂದರೆ ಹಿಂದಿನ ಐಪಿಸಿಯ ಆಸ್ತಿ ಹಾನಿ. ಇಲ್ಲಿ ಎಷ್ಟು ನಷ್ಟ ಅನ್ನುವುದೇ ಮುಖ್ಯ. ಸಾಮಾನ್ಯ ಹಾನಿಗೆ ಆರು ತಿಂಗಳವರೆಗೆ ಶಿಕ್ಷೆ, ನಷ್ಟ ಇಪ್ಪತ್ತು ಸಾವಿರ ದಾಟಿದರೆ ಎರಡು ವರ್ಷದವರೆಗೆ. ಹಾಗಾಗಿ ದೂರಿನ ಜೊತೆ ಪೇಂಟರ್ ಕೈಲಿ ನಿಜವಾದ ಎಸ್ಟಿಮೇಟ್ ಬರೆಸಿ ಇಡಿ. ಉಬ್ಬಿಸಿ ಬರೆಸಬೇಡಿ, ಸಿಕ್ಕಿಬೀಳುತ್ತೀರಿ. ಹದಿನೆಂಟು ತುಂಬದ ಮಕ್ಕಳು ಸಿಕ್ಕರೆ ನಾನು ಠಾಣೆಗೆ ಹೋಗಲ್ಲ. ಅಪ್ಪ ಅಮ್ಮನನ್ನು ಕರೆಸಿ, ಭಾನುವಾರ ಬೆಳಿಗ್ಗೆ ಕೈಗೆ ಬ್ರಷ್ ಕೊಡುತ್ತೇನೆ.

ಸಿಂಗಪುರದ ಥರ ಬೆತ್ತದ ಏಟು ಕೊಡಬೇಕು ಅನ್ನುವವರು ನಮ್ಮಲ್ಲೂ ಇದ್ದಾರೆ. 1994ರಲ್ಲಿ ಅಲ್ಲಿ ಅಮೆರಿಕದ ಹುಡುಗನೊಬ್ಬನಿಗೆ ಹಾಗೆ ನಾಲ್ಕು ಏಟು ಬಿದ್ದದ್ದೂ ನಿಜ. ನನಗೆ ಹಿಡಿಸಿದ್ದು ನಮ್ಮ ಹಂಪಿಯದು. 2019ರಲ್ಲಿ ಕಂಬ ಕೆಡವಿದ ಯುವಕರ ಕೈಲೇ ಅದನ್ನು ಮತ್ತೆ ನಿಲ್ಲಿಸಿ, ತಲಾ ಎಪ್ಪತ್ತು ಸಾವಿರ ದಂಡ ಕಟ್ಟಿಸಿದರು. ಕೆಡಿಸಿದವನೇ ಸರಿಮಾಡಬೇಕು, ನನ್ನ ಪದ್ಧತಿಯೂ ಇಷ್ಟೇ.

ಮಧ್ಯೆ ಕಲ್ಲಿನ ಮೇಲೆ ಒಂದಷ್ಟು ಪ್ರಯೋಗ ಮಾಡಿದೆ. ಪಾರ್ಕಿನ ಗೇಟಿನ ಕಂಬ ಸಾದರಹಳ್ಳಿ ಕಲ್ಲಿನದು, ಅದಕ್ಕೆ ಕೆಂಪು ಸ್ಪ್ರೇ ಹೊಡೆದಿದ್ದರು. ಥಿನ್ನರ್ ಹಾಕಿ ಉಜ್ಜಿದರೆ ಬಣ್ಣ ಕರಗಿ ಕಲ್ಲಿನ ರಂಧ್ರಕ್ಕೆ ಇನ್ನೂ ಒಳಗೆ ಇಳಿಯಿತು, ಕಂಬ ಪೂರ್ತಿ ಗುಲಾಬಿ. ಪೇಂಟ್ ರಿಮೂವರ್ ಜೆಲ್ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒಂದರ್ಧ ಗಂಟೆ ಬಿಟ್ಟು ನೈಲಾನ್ ಬ್ರಷ್‌ನಲ್ಲಿ ತೆಗೆದಾಗ ಬಹುಪಾಲು ಬಂತು. ತಂತಿ ಬ್ರಷ್ ಬೇಡವೇ ಬೇಡ, ತುಕ್ಕಿನ ಕಲೆ ಉಳಿಯುತ್ತೆ. ಗೀಚಿದ್ದು ಅಂಟಿಕೊಳ್ಳದ ಕೋಟಿಂಗ್ ಅಂತ ಮಾರುತ್ತಾರಲ್ಲ, ಅದಕ್ಕೆ ಚದರಡಿಗೆ ಅರವತ್ತೋ ಎಪ್ಪತ್ತೋ ಹೇಳಿದರು. ಗೇಟಿನ ಕಂಬಕ್ಕೆ ಸರಿ, ಮುನ್ನೂರು ಅಡಿಗೆ ನಮ್ಮ ಸಂಘದ ಕೈಲಿ ಆಗಲ್ಲ. ಉಳಿದ ಕಡೆ ದೊರಗು ಗಾರೆ ಮಾಡಿಸಿದೆ. ಅದಕ್ಕೆ ಸ್ಪ್ರೇ ಬಣ್ಣ ಅಂಟುತ್ತೆ, ಆದರೆ ಪೋಸ್ಟರ್ ಕಚ್ಚಲ್ಲ.

ಹೋದ ವರ್ಷ ಬಣ್ಣಕ್ಕೆ ಸಂಘದಿಂದ ಹೋದದ್ದು ನಾಲ್ಕು ಸಾವಿರದ ಒಳಗೆ. ಮುಂದಿನದು ಮೇಲ್ಸೇತುವೆ ಕಂಬಗಳು. ಅಲ್ಲಿ ರಾಜಕೀಯದವರ ಪೋಸ್ಟರ್‌ಗಳೇ ಜಾಸ್ತಿ, ಅವರಿಗೂ ಇದೇ ಕಾಯ್ದೆಯಡಿ ದೂರು ಕೊಟ್ಟಿದ್ದೇನೆ, ಸೀಲು ಬಿದ್ದಿದೆ. ದೂರಿನ ನಮೂನೆ ಬೇಕಾದವರು ಕೇಳಿ, ಹೆಸರು, ರಸ್ತೆ ಬದಲಿಸಿಕೊಂಡರೆ ಸಾಕು.