ಮುಂಗಾರಿಗೆ ಮೊದಲೇ ಕ್ಯಾರವಾನ್ ಚಾವಣಿ ಎಸಿಯ ನೀರಿನ ದಾರಿ ತೆರವು ಮಾಡಿ

ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲಿಗೆ ದಿನವಿಡೀ ಎಸಿ ಓಡಿದರೂ ಕ್ಯಾರವಾನ್ ಒಳಗೆ ಒಂದು ಹನಿ ನೀರು ಬೀಳುವುದಿಲ್ಲ. ಅದೇ ವಾಹನ ಜೂನ್ ಕೊನೆಗೆ ಬೆಳಗಾವಿ ದಾಟಿ ಖಾನಾಪುರದ ಕಡೆ ಹೊರಳಿದರೆ, ಎರಡು ತಾಸಿನೊಳಗೆ ಚಾವಣಿಯ ಜಾಲರಿಯಿಂದ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕತೊಡಗುತ್ತದೆ. ಮಳೆಗೆ ಎಸಿ ಕೆಟ್ಟಿತು ಎಂದು ಮಾಲೀಕರು ತಿಳಿಯುತ್ತಾರೆ. ನೀರಿನ ದಾರಿ ಕಟ್ಟಿಕೊಂಡದ್ದು ಬೇಸಿಗೆಯಲ್ಲೇ. ಒಣಗಾಳಿಯಲ್ಲಿ ಹರಿಯುವಷ್ಟು ನೀರು ಇರಲಿಲ್ಲವಾದ್ದರಿಂದ ಅದು ಗೊತ್ತಾಗಿರುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಸರಿಯಾದ ಸಮಯ ಮೇ ತಿಂಗಳು.

ನೀರು ಎಲ್ಲಿಂದ, ಎಲ್ಲಿಗೆ

ಒಳಗಿನ ಬಿಸಿಗಾಳಿ ತಣ್ಣನೆಯ ಕಾಯಿಲ್ (ಗಾಳಿಯನ್ನು ತಣಿಸುವ ಕೊಳವೆ ಸುರುಳಿ) ತಾಗಿದಾಗ ಅದರಲ್ಲಿನ ತೇವ ಹನಿಗಟ್ಟಿ ಕೆಳಗಿನ ಡ್ರೈನ್ ಪ್ಯಾನ್‌ಗೆ ಬೀಳುತ್ತದೆ. ಮಳೆಗಾಲದ ಹವೆಯಲ್ಲಿ 13,500 ಬಿಟಿಯು ಸಾಮರ್ಥ್ಯದ, ಅಂದರೆ ಒಂದು ಟನ್ನಿಗೆ ತುಸು ಹೆಚ್ಚಿನ ಎಸಿ ತಾಸಿಗೆ ಒಂದರಿಂದ ಒಂದೂವರೆ ಲೀಟರ್ ನೀರು ಬಿಡಬಲ್ಲದು. ಹೆಚ್ಚಿನ ಚಾವಣಿ ಎಸಿಗಳಲ್ಲಿ ಈ ನೀರಿಗೆ ಪೈಪ್ ಇರುವುದಿಲ್ಲ. ಪ್ಯಾನ್‌ನ ಅಂಚಿನ ಸಣ್ಣ ತೂತುಗಳಿಂದ ಹೊರಬಂದು, ಚಾವಣಿಯ ಮೇಲೇ ಹರಿದು ಬದಿಯಿಂದ ಇಳಿಯುತ್ತದೆ. ತೂತು ಮುಚ್ಚಿದರೆ ಪ್ಯಾನ್ ತುಂಬಿ, ಎಸಿಯ ಕೆಳಗೆ ಕೊರೆದಿರುವ 14 ಇಂಚು ಚೌಕದ ಕಂಡಿಯೊಳಗೆ ನೀರು ಉಕ್ಕುತ್ತದೆ. ಹಾಸಿಗೆ ನೆನೆಯುವುದು ಹೀಗೆ.

ನಮ್ಮ ಭಾಗದಲ್ಲಿ ತೂತು ಮುಚ್ಚುವ ಮುಖ್ಯ ವಸ್ತು ಎರೆಮಣ್ಣಿನ ಧೂಳು. ಒಣಗಿದ್ದಾಗ ಹಿಟ್ಟಿನಷ್ಟು ನುಣುಪಾಗಿ ಕವರಿನ ಸಂದಿಗಳಲ್ಲಿ ನುಗ್ಗುತ್ತದೆ, ತೇವ ತಾಗಿದ ಕೂಡಲೇ ಉಬ್ಬಿ ಅಂಟಾಗುತ್ತದೆ, ಮತ್ತೆ ಒಣಗಿದರೆ ಗಟ್ಟಿ ಹೆಂಟೆ. ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿ ಬೂದಿ, ರವದಿ ಸುಟ್ಟ ಕರಿ ಅದಕ್ಕೆ ಸೇರುತ್ತದೆ. ನೆರಳಿಗೆಂದು ಬೇವಿನ ಮರದಡಿ ನಿಲ್ಲಿಸಿದರೆ ಯುಗಾದಿಯ ಹೊತ್ತಿಗೆ ಉದುರುವ ಹೂವು, ಸಣ್ಣ ಎಲೆ ನೇರವಾಗಿ ತೂತಿಗೇ ಹೋಗಿ ಕೂರುತ್ತವೆ. ತಿಂಗಳುಗಟ್ಟಲೆ ನಿಂತ ವಾಹನದಲ್ಲಿ ಕುಂಬಾರ ಹುಳ ತೂತಿನಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ. ಇದು ನೀರಿಗೆ ಕರಗುವುದು ನಿಧಾನ, ಕೆರೆದೇ ತೆಗೆಯಬೇಕು.

ಮೇಲೆ ಹತ್ತುವ ಮುನ್ನ

ಹೊರಗಿನಿಂದ ಬರುವ 230 ವೋಲ್ಟ್ ಕರೆಂಟಿನ ಪ್ಲಗ್ ಕಿತ್ತು ತೆಗೆಯಿರಿ. ಜನರೇಟರ್, ಇನ್ವರ್ಟರ್ ಎರಡನ್ನೂ ಬಂದ್ ಮಾಡಿ. ಬರೀ ರಿಮೋಟ್‌ನಿಂದ ಆಫ್ ಮಾಡಿದರೆ ಸಾಲದು. ಎಸಿಯ ಕೆಪಾಸಿಟರ್ ಕರೆಂಟ್ ಹೋದ ಮೇಲೂ ಶಾಕ್ ಕೊಡಬಲ್ಲದು, ಆ ಡಬ್ಬಿಯನ್ನು ನೀವು ತೆರೆಯಲೇಬೇಡಿ.

ಬೆಳಿಗ್ಗೆ ಎಂಟರೊಳಗೆ ಕೆಲಸ ಶುರು ಮಾಡಿ. ಮೇ ತಿಂಗಳ ಮಧ್ಯಾಹ್ನ ಚಾವಣಿಯ ಮೇಲೆ ಕೈ ಊರಲಾಗದು. ಫೈಬರ್ ಚಾವಣಿಯಾದರೆ ಪ್ಲೈವುಡ್ ಹಲಗೆ ಹಾಸಿ ಅದರ ಮೇಲೆ ಮಂಡಿಯೂರಿ. ಬೇಕಾದವು: ಸ್ಕ್ರೂಡ್ರೈವರ್, ಪಾನಾ ಸೆಟ್, ಹಳೆಯ ಹಲ್ಲುಜ್ಜುವ ಬ್ರಶ್, ಮೃದು ಪೇಂಟ್ ಬ್ರಶ್, ದಪ್ಪ ನೈಲಾನ್ ದಾರ, ಪಾತ್ರೆ ತೊಳೆಯುವ ಸೋಪಿನ ದ್ರಾವಣ, ಬಿಳಿ ವಿನೆಗರ್ 200 ಮಿ.ಲೀ., ಐದಾರು ಲೀಟರ್ ನೀರು, ಅಲ್ಯುಮಿನಿಯಂ ಫಾಯಿಲ್ ಟೇಪ್, ರಸಮಟ್ಟ.

ನೀರಿನ ಬಗ್ಗೆ ಒಂದು ಮಾತು. ಬೋರಿನ ಸವುಳು ನೀರಿನಿಂದ ತೊಳೆದರೆ ಕಾಯಿಲ್ ರೆಕ್ಕೆಗಳ, ಅಂದರೆ ಅದರ ತೆಳು ಲೋಹದ ಹಾಳೆಗಳ ಮೇಲೆ ಬಿಳಿ ಉಪ್ಪು ಕೂರುತ್ತದೆ. ಎಸಿಯಿಂದ ಇಳಿಯುವ ನೀರಿನಲ್ಲಿ ಉಪ್ಪಿಲ್ಲ. ಪ್ಯಾನ್‌ನಲ್ಲಿ ಬಿಳಿ ಹಕ್ಕಳೆ ಕಂಡರೆ ಹಿಂದಿನ ಸಲ ತೊಳೆದ ನೀರಿನ ಮೇಲೇ ಅನುಮಾನ ಪಡಿ. ಕೊನೆಯ ತೊಳೆತಕ್ಕಾದರೂ ಕುಡಿಯುವ ನೀರು ಬಳಸಿ.

ತೆರೆದು ತೊಳೆಯುವುದು

ಹೊರಗಿನ ಪ್ಲಾಸ್ಟಿಕ್ ಕವರಿನ ಸ್ಕ್ರೂ ಬಿಚ್ಚಿ, ಎತ್ತಿ ಪಕ್ಕಕ್ಕಿಡಿ. ಬಿಸಿಲಿಗೆ ಹಳತಾದ ಕವರ್ ಪೆಡಸಾಗಿರುತ್ತದೆ, ಒತ್ತಿದರೆ ಸೀಳುತ್ತದೆ. ಬಾದಾಮಿಯಲ್ಲಿ ವಾಹನ ನಿಲ್ಲಿಸಿದವರು ಬಿರುಕು ಇದೆಯೇ ಎಂದು ನೋಡಲೇಬೇಕು. ಅಲ್ಲಿನ ಮಂಗಗಳು ಚಾವಣಿಯಿಂದ ಚಾವಣಿಗೆ ಹಾರುತ್ತವೆ.

ಕವರಿನ ಒಳಗೆ ಕಾಯಿಲ್ ಮುಚ್ಚಿರುವ ತಗಡಿನ ಪೆಟ್ಟಿಗೆ ಇರುತ್ತದೆ. ಅದನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಯಾವ ಸಂದಿಗೆ ಟೇಪ್ ಇತ್ತೆಂದು ಆಮೇಲೆ ಬೇಕಾಗುತ್ತದೆ. ಫ್ಯಾನ್ ಮೋಟಾರ್, ವೈರಿಂಗ್ ಡಬ್ಬಿಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿ. ಒಳಗಡೆ 14 ಇಂಚಿನ ಕಂಡಿಯ ಕೆಳಗೆ ಬಕೆಟ್ ಇಡಿ.

ಮೊದಲು ಒಣ ಧೂಳನ್ನು ಪೇಂಟ್ ಬ್ರಶ್‌ನಿಂದ, ರೆಕ್ಕೆಗಳ ಉದ್ದಕ್ಕೆ ಮೇಲಿನಿಂದ ಕೆಳಗೆ ತೆಗೆಯಿರಿ. ನೀರು ಮೊದಲು ಹಾಕಿದರೆ ಎರೆಮಣ್ಣು ಕೆಸರಾಗಿ ಇನ್ನೂ ಒಳಗೆ ಹೋಗುತ್ತದೆ. ಈ ಅನುಕ್ರಮ ತಪ್ಪಿದ್ದರಿಂದಲೇ ಎಷ್ಟೋ ಕಡೆ ‘ಸರ್ವಿಸ್’ ಆದ ಮಾರನೇ ವಾರ ಸೋರಿಕೆ ಶುರುವಾಗುತ್ತದೆ. ನಂತರ ಸೋಪಿನ ನೀರು ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು, ಕೈಪಂಪಿನ ಸ್ಪ್ರೇಯರ್‌ನಿಂದ ತೊಳೆಯಿರಿ. ಗಾಡಿ ತೊಳೆಯುವ ಪ್ರೆಶರ್ ಪಂಪ್ ಬೇಡ, ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಪ್ಯಾನ್‌ನ ಮೂಲೆಗಳಲ್ಲಿನ ಲೋಳೆ, ಪಾಚಿಗೆ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ ಸುರಿಯಿರಿ. ಇಪ್ಪತ್ತು ನಿಮಿಷದ ನಂತರ ಬ್ರಶ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ಇದು ಪ್ಯಾನ್‌ಗೆ ಮಾತ್ರ, ಕಾಯಿಲ್‌ಗೆ ಬೇಡ. ಬ್ಲೀಚಿಂಗ್ ದ್ರಾವಣವನ್ನಂತೂ ಎರಡಕ್ಕೂ ತಾಗಿಸಬೇಡಿ, ಅಲ್ಯುಮಿನಿಯಂ ತಿಂದುಹಾಕುತ್ತದೆ. ಪ್ರತಿ ತೂತಿಗೂ ನೈಲಾನ್ ದಾರ ತೂರಿಸಿ ಹಿಂದೆ ಮುಂದೆ ಎಳೆಯಿರಿ. ಕೆಲವು ಪ್ಯಾನ್‌ಗಳು ಥರ್ಮಾಕೋಲಿನವು, ತಂತಿ ಚುಚ್ಚಿದರೆ ಹೊಸ ತೂತೇ ಬೀಳುತ್ತದೆ.

ಒಂದು ಲೀಟರಿನ ಪರೀಕ್ಷೆ

ಮುಚ್ಚುವ ಮೊದಲು ರಸಮಟ್ಟ ಇಟ್ಟು ವಾಹನ ಸಮವಾಗಿ ನಿಂತಿದೆಯೇ ನೋಡಿ. ಪ್ಯಾನ್‌ಗೆ ಒಂದು ಲೀಟರ್ ನೀರನ್ನು ನಿಧಾನವಾಗಿ, ಎರಡು ಮೂರು ನಿಮಿಷ ಹಿಡಿದು ಸುರಿಯಿರಿ. ನೀರು ಎಲ್ಲ ತೂತುಗಳಿಂದ ಹೊರಬಂದು ಚಾವಣಿಗೆ ಹರಿಯಬೇಕು, ಒಳಗಿನ ಬಕೆಟ್ ಒಣಗಿರಬೇಕು. ಒಂದು ಬದಿಯಿಂದಷ್ಟೇ ಬಂದರೆ ಇನ್ನೊಂದು ಬದಿಯ ತೂತು ಇನ್ನೂ ಕಟ್ಟಿದೆ ಎಂದರ್ಥ. ಸಮತಟ್ಟಿನಲ್ಲಿ ಅದು ತೊಂದರೆ ಕೊಡದು, ಘಾಟಿನ ಇಳಿಜಾರಿನಲ್ಲಿ ನಿಲ್ಲಿಸಿದ ರಾತ್ರಿ ಕೊಡುತ್ತದೆ.

ತಗಡಿನ ಪೆಟ್ಟಿಗೆ ಮರಳಿ ಕೂರಿಸುವಾಗ ಸಂದಿಗಳಿಗೆ ಹೊಸ ಫಾಯಿಲ್ ಟೇಪ್ ಹಚ್ಚಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಫ್ಯಾನ್ ಗಾಳಿಯನ್ನು ಕಾಯಿಲ್ ಮೂಲಕ ಎಳೆಯುವ ಎಸಿಗಳಲ್ಲಿ ಸಂದಿ ತೆರೆದಿದ್ದರೆ ಹೊರಗಿನ ಬಿಸಿಗಾಳಿ, ಧೂಳು ಒಳನುಗ್ಗಿ ತಂಪೂ ಕಡಿಮೆಯಾಗುತ್ತದೆ, ಪ್ಯಾನ್ ಕೂಡ ಬೇಗ ಕೊಳೆಯಾಗುತ್ತದೆ. ಇದೇ ಎಳೆತದ ಕಾರಣಕ್ಕೆ, ನಿಮ್ಮ ವಾಹನದಲ್ಲಿ ನೀರನ್ನು ಗೋಡೆಯೊಳಗಿಂದ ಇಳಿಸುವ ಪೈಪ್ ಇದ್ದರೆ, ಅದರಲ್ಲಿ ಯು ಆಕಾರದ ಬಾಗು ಇರಬೇಕು. ಬಾಗಿನಲ್ಲಿ ನಿಲ್ಲುವ ನೀರು ಗಾಳಿಯನ್ನು ತಡೆಯುತ್ತದೆ. ಅದಿಲ್ಲದಿದ್ದರೆ ಪೈಪಿನಿಂದ ಮೇಲೇರುವ ಗಾಳಿ ನೀರನ್ನು ಪ್ಯಾನ್‌ನಲ್ಲೇ ಹಿಡಿದಿಡುತ್ತದೆ. ಎಸಿ ಬಂದ್ ಮಾಡಿದ ಕೂಡಲೇ ಗಳಗಳ ಸುರಿದರೆ ಇದೇ ದೋಷ. ಇಂಥ ಪೈಪ್ ಕಟ್ಟಿಕೊಂಡರೆ ಕೆಳತುದಿಗೆ ವೆಟ್ ವ್ಯಾಕ್ಯೂಮ್ (ನೀರನ್ನೂ ಎಳೆಯುವ ವ್ಯಾಕ್ಯೂಮ್ ಕ್ಲೀನರ್) ಹಚ್ಚಿ ಎಳೆಯಿರಿ. ಕಂಪ್ರೆಸರ್ ಗಾಳಿ ಊದಿದರೆ ಗೋಡೆಯೊಳಗಿನ ಜೋಡಣೆ ಕಳಚಬಹುದು.

ಸೋರುವುದು ಡ್ರೈನಿನಿಂದಲೋ, ಗ್ಯಾಸ್ಕೆಟ್‌ನಿಂದಲೋ

ಎಸಿ ಬಂದ್ ಇದ್ದು ಮಳೆಯಲ್ಲಿ ಮಾತ್ರ ಸೋರಿದರೆ ಗ್ಯಾಸ್ಕೆಟ್, ಅಂದರೆ ಎಸಿಗೂ ಚಾವಣಿಗೂ ನಡುವೆ ಮಳೆನೀರು ತಡೆಯುವ ಪಟ್ಟಿ. ಮಳೆಯಿಲ್ಲದ ದಿನ, ಎಸಿ ಓಡುವಾಗ ಸೋರಿದರೆ ಡ್ರೈನ್. ಎಸಿ ಬಂದ್ ಮಾಡಿ ಹತ್ತು ನಿಮಿಷಕ್ಕೆ ಒಮ್ಮೆಲೇ ಸುರಿದು, ಪೈಪ್ ಇಲ್ಲದ ವಾಹನವಾಗಿದ್ದರೆ, ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಕರಗಿರಬಹುದು. ಒಳಗಿನ ಫಿಲ್ಟರ್ ಕೊಳೆಯಾಗಿ ಗಾಳಿ ಸಾಲದಿರುವುದು ಅದರ ಸಾಮಾನ್ಯ ಕಾರಣ. ಧೂಳಿನ ರಸ್ತೆಯಲ್ಲಿ ಓಡುವ ವಾಹನದ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಗ್ಯಾಸ್ಕೆಟ್ ಸೋರಿದರೆ ಎಸಿಯ ಸುತ್ತ ಸಿಲಿಕಾನ್ ಬಳಿಯುವ ಚಾಳಿ ಇದೆ. ದಯವಿಟ್ಟು ಬೇಡ. ಪ್ಯಾನ್‌ನ ನೀರು ಹೊರಹೋಗುವುದು ಅದೇ ಅಂಚಿನ ಕೆಳಗಿಂದ, ಅದನ್ನು ಮುಚ್ಚಿದರೆ ನೀರಿಗೆ ಉಳಿಯುವುದು ಒಳದಾರಿ ಒಂದೇ. ಒಳಗಿನ ಜಾಲರಿ ತೆಗೆದರೆ ನಾಲ್ಕು ಉದ್ದ ಬೋಲ್ಟ್‌ಗಳು ಕಾಣುತ್ತವೆ. ಅವನ್ನು ಎದುರುಬದುರಾಗಿ, ಸಲಕ್ಕೆ ಅರ್ಧ ಸುತ್ತಿನಂತೆ ಬಿಗಿಯಿರಿ. ಒಂದು ಇಂಚು ದಪ್ಪದ ಫೋಮ್ ಗ್ಯಾಸ್ಕೆಟ್ ಸುಮಾರು ಅರ್ಧ ಇಂಚಿಗೆ ಇಳಿದರೆ ಸಾಕು. ಅದಕ್ಕಿಂತ ಬಿಗಿದರೆ ಎಸಿಯ ತಳ ಬಾಗಿ ತೂತುಗಳೇ ಮೇಲಾಗುತ್ತವೆ. ಗ್ಯಾಸ್ಕೆಟ್ ಈಗಾಗಲೇ ಚಪ್ಪಟೆಯಾಗಿದ್ದರೆ ಬಿಗಿದು ಫಲವಿಲ್ಲ, ಹೊಸದು ಹಾಕಬೇಕು. ಅದಕ್ಕೆ ಎಸಿ ಎತ್ತಬೇಕು, ತೂಕ 35 ಕೆ.ಜಿ. ಮೀರಬಹುದು. ಇಬ್ಬರಿಲ್ಲದೆ ಕೈ ಹಾಕಬೇಡಿ.

ಮುಂಗಾರು ಹಿಡಿದ ಮೇಲೆ ತಿಂಗಳಿಗೊಮ್ಮೆ ಒಂದು ಲೀಟರಿನ ಪರೀಕ್ಷೆ ಮಾಡಿದರೆ ಸಾಕು, ಪ್ರತಿ ಸಲ ಪೂರ್ತಿ ಬಿಚ್ಚಬೇಕಿಲ್ಲ. ಕಬ್ಬಿನ ಹಂಗಾಮು ಮುಗಿದಾಗ ಒಮ್ಮೆ ಬೂದಿ ತೆಗೆಯಿರಿ. ವಾಹನ ತಿಂಗಳುಗಟ್ಟಲೆ ನಿಲ್ಲುವುದಾದರೆ ಪೈಪಿನ ಕೆಳತುದಿಗೆ ಸ್ಟೀಲ್ ಜಾಳಿಗೆ ಕಟ್ಟಿ, ಹುಳ ಒಳಹೋಗುವುದಿಲ್ಲ. ಬಟ್ಟೆ ತುರುಕಿದರೆ ಮೊದಲ ಮಳೆಗೆ ಅದೇ ಬಿರಡೆಯಾಗುತ್ತದೆ.