ಗ್ಯಾಸ್ ಪೈಪ್‌ಲೈನ್: ಸರಕಾರದ ವಾದ ತೂಗುವುದು, ಆಕ್ಷೇಪ ಬರೆಯುವುದು ಹೇಗೆ?

ಕೊಚ್ಚಿಯಿಂದ ಮಂಗಳೂರಿಗೆ ಹೋಗುವ 450 ಕಿ.ಮೀ. ಉದ್ದದ, ಕೇಂದ್ರ ಸರಕಾರಿ ಕಂಪನಿ ಗೈಲ್‌ನ ಅನಿಲ ಕೊಳವೆ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಕಾಸರಗೋಡಿನ ಚಂದ್ರಗಿರಿ ಹೊಳೆಯ ತಳದಲ್ಲಿ ಕೊರೆದು ದಾಟಿಸುವ ಕೆಲಸ ಕೊನೆಯವರೆಗೂ ಉಳಿದಿತ್ತು. ನಾಳೆ ಕಾಸರಗೋಡಿನಲ್ಲಿ ಇನ್ನೊಂದು ಕೊಳವೆಗೆ ನಿಮ್ಮ ತೋಟದ ಸರ್ವೆ ನಂಬ್ರ ಬಂದರೆ, ಒಪ್ಪುವುದಿದ್ದರೂ ವಿರೋಧಿಸುವುದಿದ್ದರೂ ಲೆಕ್ಕ ಕೈಯಲ್ಲಿರಬೇಕು.

1. ‘ಯಾವುದರ ಬದಲಿಗೆ?’ ಎಂದು ಕೇಳಿ

ಅನಿಲದ ಪರವಾಗಿ ಸರಕಾರ ಮುಂದಿಡುವ ಮೊದಲ ಮಾತು, ಅದು ಕಲ್ಲಿದ್ದಲಿಗಿಂತ ಶುದ್ಧ ಎಂಬುದು. ಅದು ನಿಜ. ಒಂದು ಗಿಗಾಜೂಲ್ (ಶಾಖದ ಅಳತೆಯ ಒಂದು ಮಾನ) ಶಾಖಕ್ಕೆ ಕಲ್ಲಿದ್ದಲಿನಿಂದ ಸುಮಾರು 95 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿದ್ದರೆ, ಅನಿಲದಿಂದ 56 ಕಿಲೋ. ಆದರೆ ನಮ್ಮ ಅಡುಗೆಮನೆಯಲ್ಲಿ ಉರಿಯುವುದು ಕಲ್ಲಿದ್ದಲಲ್ಲ. ಅಲ್ಲಿರುವುದು ಸಿಲಿಂಡರಿನ ಎಲ್‌ಪಿಜಿ, 63 ಕಿಲೋ. ಮಂಗಳೂರಿನ ಗೊಬ್ಬರ ಕಾರ್ಖಾನೆ ಬಳಸುತ್ತಿದ್ದದ್ದು ಕಚ್ಚಾತೈಲದಿಂದ ಬರುವ ನಾಫ್ತಾ, 73 ಕಿಲೋ. ಕೊಳವೆ ಬದಲಿಸುವುದು ಇವನ್ನಾದರೆ, ಹೋಲಿಸಬೇಕಾದದ್ದೂ ಇವುಗಳ ಜೊತೆಗೇ.

ಕೇಳಬೇಕಾದ ಇನ್ನೊಂದು ವಿಷಯ ಸೋರಿಕೆ. ನೈಸರ್ಗಿಕ ಅನಿಲದಲ್ಲಿ ಬಹುಪಾಲು ಇರುವುದು ಮೀಥೇನ್. ಉರಿಯದೆ ಗಾಳಿಗೆ ಸೇರಿದ ಮೀಥೇನ್, 20 ವರ್ಷಗಳ ಲೆಕ್ಕದಲ್ಲಿ ಡೈಆಕ್ಸೈಡಿಗಿಂತ ಸುಮಾರು 82 ಪಟ್ಟು ಬಿಸಿ ಹಿಡಿಯುತ್ತದೆ. ಒಂದು ಗಿಗಾಜೂಲ್ ಅನಿಲವೆಂದರೆ ಸುಮಾರು 20 ಕಿಲೋ ಮೀಥೇನ್. ಅದರಲ್ಲಿ ಶೇ. 1 ಸೋರಿದರೂ ಸುಮಾರು 16 ಕಿಲೋ ಡೈಆಕ್ಸೈಡಿಗೆ ಸಮ. ಎಲ್‌ಪಿಜಿಯೆದುರು ಉಳಿಸಿದ್ದು ಬರೀ 7 ಕಿಲೋ. ಎಲ್‌ಪಿಜಿ ತಯಾರಿಯ ಹೊಗೆಯನ್ನೂ ಕೂಡಿಸಿದರೆ ಅಂತರ ಸ್ವಲ್ಪ ಬದಲಾದೀತು, ಆದರೆ ಸೋರಿಕೆಯ ಅಂಕಿ ಕೊಡದ ‘ಶುದ್ಧ’ ಎಂಬ ಮಾತು ಅರ್ಧ ಲೆಕ್ಕವೇ.

ಹೆದ್ದಾರಿಯಲ್ಲಿ ಟ್ಯಾಂಕರುಗಳ ಅಪಾಯ ತಪ್ಪುತ್ತದೆ ಎನ್ನುವುದನ್ನೂ ಕೇಳಿರುತ್ತೀರಿ. 2012ರ ಆಗಸ್ಟ್ 27ರಂದು ಕಣ್ಣೂರಿನ ಚಾಲದಲ್ಲಿ ಸ್ಫೋಟಿಸಿದ್ದು ಎಲ್‌ಪಿಜಿ ಟ್ಯಾಂಕರ್. ಈ ಕೊಳವೆಯಲ್ಲಿ ಹರಿಯುವುದು ಎಲ್‌ಪಿಜಿಯಲ್ಲ, ನೈಸರ್ಗಿಕ ಅನಿಲ. ಸಿಲಿಂಡರ್ ಬಿಟ್ಟು ಪೈಪಿಗೆ ಬಂದ ಮನೆಗಳು ಎಷ್ಟೋ, ಟ್ಯಾಂಕರ್ ಕಡಿಮೆಯಾಗುವುದೂ ಅಷ್ಟೇ.

2. ದುಡ್ಡಿನ ದಾರಿ ಹಿಡಿಯಿರಿ

ದೇಶದ ಇಂಧನದಲ್ಲಿ ಅನಿಲದ ಪಾಲನ್ನು 2030ಕ್ಕೆ ಶೇ. 15ಕ್ಕೆ ಏರಿಸುವುದು ಕೇಂದ್ರದ ಗುರಿ. ಕೊಚ್ಚಿ ಪುದುವೈಪಿನ ಟರ್ಮಿನಲ್‌ಗೆ ಬರುವುದು ಹಡಗಿನ ಆಮದು ಅನಿಲ, ಬೆಲೆ ಡಾಲರಿನಲ್ಲಿ. 2022ರ ಯುಕ್ರೇನ್ ಯುದ್ಧದ ಹೊತ್ತಿಗೆ ಆ ಬೆಲೆ ಹಲವು ಪಟ್ಟು ಏರಿತ್ತು. ಕೇರಳ 2050ಕ್ಕೆ ಇಂಗಾಲ ತಟಸ್ಥವಾಗುವ (ಹೊರಬಿಟ್ಟಷ್ಟೇ ಇಂಗಾಲ ಹೀರಿಕೊಳ್ಳುವ) ಗುರಿ ಇಟ್ಟುಕೊಂಡಿದೆ. ಹೊಸ ಕೊಳವೆಯ ಆಯುಷ್ಯ ಆ ಗುರಿಗೆ ಹೊಂದುತ್ತದೆಯೇ, ನಡುವೆ ನಿಲ್ಲಿಸಬೇಕಾಗಿ ಬಂದರೆ ನಷ್ಟ ಯಾರ ತಲೆಗೆ, ಕೇಳಿ.

3. ಭಾರ ಯಾರಿಗೆ, ಬೆಳಕು ಯಾರಿಗೆ

ಇಂಧನ ನ್ಯಾಯ ಎಂದರೆ ಮೂರು ಪ್ರಶ್ನೆ: ಲಾಭ–ಭಾರ ಹೇಗೆ ಹಂಚಿಹೋಯಿತು? ಯಾರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ? ತೀರ್ಮಾನದಲ್ಲಿ ಜನರ ಮಾತು ನಡೆಯಿತೇ?

1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಕಾಯ್ದೆಯಲ್ಲಿ ಭೂಮಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ‘ಬಳಕೆ ಹಕ್ಕು’ ಮಾತ್ರ ಹೋಗುತ್ತದೆ. ಕೊಳವೆ ಹಾದುಹೋಗುವ ನೆಲದ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ–ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಕಾಯ್ದೆಯಲ್ಲಿರುವ ಪರಿಹಾರ ಮಾರುಕಟ್ಟೆ ಬೆಲೆಯ ಶೇ. 10. ಕಡಿದ ಮರ, ಹಾಳಾದ ಬೆಳೆಗೆ ಬೇರೆ.

ಲೆಕ್ಕ ಹಾಕಿ ನೋಡಿ. 20 ಮೀಟರ್ ಅಗಲದ ಪಟ್ಟಿ ನಿಮ್ಮ ತೋಟದಲ್ಲಿ 50 ಮೀಟರ್ ಹಾದುಹೋದರೆ 1,000 ಚದರ ಮೀಟರ್, ಅಂದರೆ ಸುಮಾರು 25 ಸೆಂಟ್ಸ್ (ಕಾಲು ಎಕರೆ). ಅಡಿಕೆಗೆ ಶಿಫಾರಸಾದ 2.7 ಮೀಟರ್ ಅಂತರದಲ್ಲಿ ಅಲ್ಲಿ 137 ಮರಗಳಿಗೆ ಜಾಗವಿದೆ. ಸೆಂಟ್ಸಿಗೆ 20,000 ರೂ. ಎಂದಿಟ್ಟುಕೊಂಡರೆ ಶೇ. 10ರಂತೆ 50,000 ರೂ. ಒಂದು ಅಡಿಕೆ ಮರದ ಜಾಗಕ್ಕೆ ಒಂದೇ ಸಲಕ್ಕೆ 365 ರೂ., ಮುಂದೆಂದೂ ಅಲ್ಲಿ ಅಡಿಕೆ ಇಲ್ಲ. ಇದು ಅನ್ಯಾಯವೆಂದು ಜನ ಬೀದಿಗಿಳಿದ ಮೇಲೆಯೇ ಕೇರಳ ಸರಕಾರ ಪರಿಹಾರ ಏರಿಸಿತು. 2017ರಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಮುಕ್ಕಂನಲ್ಲಿ ನಡೆದ ಪ್ರತಿಭಟನೆಯ ನಂತರ, 10 ಸೆಂಟ್ಸ್ ಮತ್ತು ಅದಕ್ಕಿಂತ ಕಡಿಮೆ ಇರುವವರಿಗೆ 5 ಲಕ್ಷ ರೂ. ಘೋಷಣೆಯಾಯಿತು.

4. 21 ದಿನದೊಳಗೆ ಬರೆಯಿರಿ

ಅಭಯಾರಣ್ಯದಂತಹ ಸೂಕ್ಷ್ಮ ಪ್ರದೇಶದಲ್ಲಿ ಹಾದುಹೋಗದ ಅನಿಲ ಕೊಳವೆಗೆ 2006ರ ಪರಿಸರ ಅಧಿಸೂಚನೆಯ ಸಾರ್ವಜನಿಕ ಅಹವಾಲು ಅನ್ವಯಿಸುವುದಿಲ್ಲ. ಹಾಗಾಗಿ ನಿಮಗೆ ತೆರೆದಿರುವ ಮುಖ್ಯ ಬಾಗಿಲು ಕಾಯ್ದೆಯ 5ನೇ ಸೆಕ್ಷನ್. ಬಳಕೆ ಹಕ್ಕು ಪಡೆಯುವ ಉದ್ದೇಶ ತಿಳಿಸುವ 3(1) ಅಧಿಸೂಚನೆ ಗಜೆಟ್ಟಿನಲ್ಲಿ ಬಂದ ದಿನದಿಂದ 21 ದಿನದೊಳಗೆ ಸಕ್ಷಮ ಪ್ರಾಧಿಕಾರಿಗೆ (ಈ ಕೆಲಸಕ್ಕೆ ನೇಮಕವಾದ ಅಧಿಕಾರಿಗೆ) ಲಿಖಿತ ಆಕ್ಷೇಪ ತಲುಪಬೇಕು. ಎಷ್ಟೋ ಮಂದಿ ಎಡವುವುದು ಇಲ್ಲೇ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಾರೆ. ಅದಕ್ಕೆ 30 ದಿನ ಅವಕಾಶವಿರುವುದರಿಂದ ಉತ್ತರ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಮೊದಲು ಆಕ್ಷೇಪ ಸಲ್ಲಿಸಿ, ಕೊನೆಗೆ ‘ದಾಖಲೆ ದೊರೆತ ಮೇಲೆ ಹೆಚ್ಚಿನ ವಿವರ ಸಲ್ಲಿಸುವ ಅವಕಾಶ ಕೊಡಬೇಕು, ಖುದ್ದಾಗಿ ಕೇಳಬೇಕು’ ಎಂದು ಸೇರಿಸಿ.

ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಇಲ್ಲಿನ ಕನ್ನಡಿಗರಿಗೆ ರಾಜ್ಯ ಸರಕಾರದ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಮಲಯಾಳ ಓದಲು ಬಾರದ ಹಿರಿಯರಿಗೆ ಮಲಯಾಳದ ನೋಟೀಸು ಮಾತ್ರ ಕೊಟ್ಟಿದ್ದರೆ ಅದನ್ನೂ ಆಕ್ಷೇಪದಲ್ಲಿ ಬರೆಯಿರಿ.

‘ನಮಗೆ ಬೇಡ’ ಎಂಬ ಒಂದು ಸಾಲಿನಿಂದ ಪ್ರಯೋಜನವಿಲ್ಲ. ಸರ್ವೆ ನಂಬ್ರ, ಮರಗಳ ಎಣಿಕೆ, ಬಾವಿಯ ದೂರ, ಮನೆಯ ದೂರ ಬೇಕು. ನಮ್ಮ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದ ಸುರಂಗವಿದ್ದರೆ ಅದರ ಬಾಯಿ ಎಲ್ಲಿ, ಒಳಗೆ ಎತ್ತ ತಿರುಗುತ್ತದೆ ಎಂಬ ಕೈನಕ್ಷೆ ಲಗತ್ತಿಸಿ. ಸುರಂಗ ಸರ್ವೆ ನಕ್ಷೆಯಲ್ಲಿ ಕಾಣುವುದಿಲ್ಲ. ಮುರಕಲ್ಲಿನೊಳಗಿನ ಒರತೆಗೆ ಕೊಳವೆ ಹೂಳಲು ತೋಡುವ ಚರಂಡಿ ಅಡ್ಡ ಬಂದರೆ ಕೆಳಗಿನ ಮನೆಗಳ ನೀರೇ ನಿಂತೀತು. ಬದಲಿ ದಾರಿ ಇದ್ದರೆ ಅದನ್ನೂ ಸೂಚಿಸಿ.

ಅಗೆತ ಶುರುವಾಗುವ ಮೊದಲು ಮಹಜರಿನಲ್ಲಿ ಮರಗಳ ಸಂಖ್ಯೆ ಸರಿಯಿದೆಯೇ ನೋಡಿ, ಆಮೇಲೆ ಸಹಿ ಹಾಕಿ. ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿ, ಇಲ್ಲದಿದ್ದರೆ ಅಡಿಯ ಮುರಕಲ್ಲು ಮೇಲೆ ಬಂದು ಹುಲ್ಲೂ ಹುಟ್ಟದು. ಮಣ್ಣು ಮುಚ್ಚುವಾಗ ಕೊಳವೆಯ ಮೇಲೆ ಕನಿಷ್ಠ ಒಂದು ಮೀಟರ್ ಮಣ್ಣು ಬಿದ್ದಿದೆಯೇ ಎಂದು ಟೇಪು ಹಿಡಿದು ಅಳೆದು ಫೋಟೊ ತೆಗೆದಿಡಿ. ನಿಗದಿಯಾದ ಪರಿಹಾರ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಬಹುದು. ಅಲ್ಲಿ ಬೇಕಾಗುವುದು ಇದೇ ಮಹಜರು, ಇದೇ ಫೋಟೊ, ಆಕ್ಷೇಪ ಕಳಿಸಿದ ಸ್ಪೀಡ್ ಪೋಸ್ಟಿನ ರಶೀದಿ.